ಏಡ್ಸ್‌ಗೆ ಯಾಕಿಲ್ಲ ಲಸಿಕೆ?

ನಮಸ್ಕಾರ. ನಮ್ಮ ಮಂಗಳೂರಿನಲ್ಲಿ ಆಸ್ಪತ್ರೆಗಳಿಗೆ ಬರವಿಲ್ಲ, ಮನೆಮನೆಯ ವೈದ್ಯ ಪಂಡಿತರಿಗೂ ಬರವಿಲ್ಲ. ಈ ಪಂಡಿತರ ಇತ್ತೀಚಿನ ಪ್ರಶ್ನೆ: "ರಷ್ಯಾದವರು ಕ್ಯಾನ್ಸರಿಗೇ ಲಸಿಕೆ ಕಂಡುಹಿಡಿದರಂತೆ. ಏಡ್ಸಿಗೆ ನಲವತ್ತು ವರ್ಷವಾದರೂ ಯಾಕಿಲ್ಲ? ಎಲ್ಲ ಕಂಪನಿಗಳ ಆಟ ಮಾರಾಯ್ರೇ!"

ಕಂಪನಿಗಳು ಸಂತರೆಂದು ನಾನು ಹೇಳುವುದಿಲ್ಲ. ಆದರೆ ಇಲ್ಲಿ ಆಟ ಆಡುತ್ತಿರುವುದು ವೈರಸ್.

2008ರ ವೈದ್ಯಕೀಯ ನೊಬೆಲ್ ನೋಡಿ. ಅರ್ಧ ಬಹುಮಾನ ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣವೆಂದು ತೋರಿಸಿದ ಹರಾಲ್ಡ್ ಜುರ್ ಹೌಸೆನ್‌ಗೆ, ಉಳಿದರ್ಧ ಏಡ್ಸ್ ತರುವ ಎಚ್‌ಐವಿ ವೈರಸ್ ಪತ್ತೆ ಮಾಡಿದ ಇಬ್ಬರು ಫ್ರೆಂಚ್ ವಿಜ್ಞಾನಿಗಳಿಗೆ. ಎಚ್‌ಪಿವಿ ಲಸಿಕೆ 2006ರಲ್ಲೇ ಬಂದಿತ್ತು. ಎಚ್‌ಐವಿಯದು? ಎರಡು ವರ್ಷದಲ್ಲಿ ಪ್ರಯೋಗಕ್ಕೆ ಸಿದ್ಧವಾದೀತು ಎಂದು ಅಮೆರಿಕದ ಆರೋಗ್ಯ ಕಾರ್ಯದರ್ಶಿ ಮಾರ್ಗರೆಟ್ ಹೆಕ್ಲರ್ ಹೇಳಿದ್ದು 1984ರಲ್ಲಿ!

ಎಚ್‌ಪಿವಿ ಬದಲಾಗುವುದು ಬಹಳ ನಿಧಾನ. ಅದರ ಹೊರಕವಚದ ಒಂದು ಪ್ರೋಟೀನನ್ನು ತಯಾರಿಸಿದರೆ ಸಾಕು, ಅದು ತಾನೇ ತಾನಾಗಿ ಜೋಡಣೆಗೊಂಡು ಟೊಳ್ಳು ವೈರಸ್ ಆಗುತ್ತದೆ. ಒಳಗೆ ವಂಶವಾಹಿಯೇ ಇಲ್ಲ, ರೋಗ ತರುವ ಮಾತೂ ಇಲ್ಲ. ದೇಹ ಅದನ್ನು ನೋಡಿ ಪ್ರತಿಕಾಯ ತಯಾರಿಸಿಟ್ಟುಕೊಳ್ಳುತ್ತದೆ.

ಎಚ್‌ಐವಿ ಹಾಗಲ್ಲ. ನಕಲಾಗುವಾಗಲೆಲ್ಲ ತಪ್ಪು ಮಾಡುತ್ತದೆ, ಆ ತಪ್ಪುಗಳೇ ಅದಕ್ಕೆ ವೇಷ. ಒಬ್ಬನೇ ರೋಗಿಯ ಮೈಯಲ್ಲಿ ಅದರ ಅಸಂಖ್ಯ ರೂಪಗಳಿರುತ್ತವೆ. ಪ್ರತಿಕಾಯ ಹಿಡಿಯಬೇಕಾದ, ವೈರಸ್ಸಿನ ಮೈಮೇಲಿನ ಮುಳ್ಳುಗಳೋ ಬೆರಳೆಣಿಕೆಯಷ್ಟು, ಅವಕ್ಕೂ ನಮ್ಮದೇ ಜೀವಕೋಶದಿಂದ ಕದ್ದ ಸಕ್ಕರೆಯ ಹೊದಿಕೆ. ಅದು ಹೊಕ್ಕು ಕೊಲ್ಲುವುದು ರೋಗನಿರೋಧಕ ಪಡೆಯನ್ನು ನಡೆಸುವ ಸಿಡಿ4 ಕೋಶಗಳನ್ನೇ. ಇನ್ನೂ ಕೆಟ್ಟದ್ದೆಂದರೆ, ಕೆಲವೇ ದಿನಗಳಲ್ಲಿ ತನ್ನ ವಂಶವಾಹಿಯನ್ನು ನಮ್ಮ ಡಿಎನ್‌ಎಗೆ ಹೊಲಿದುಬಿಡುತ್ತದೆ. ದಡಾರವಾದರೆ ಬಂದು ವಾಸಿಯಾದವರ ದೇಹ ನೋಡಿ ಪಾಠ ಕಲಿಯಬಹುದಿತ್ತು. ಇಲ್ಲಿ ತಾನಾಗಿ ವಾಸಿಯಾದವರು ಇಲ್ಲವೆನ್ನುವಷ್ಟು ಅಪರೂಪ, ಆ ಪಾಠ ಹೇಳಿಕೊಡುವವರೇ ಸಿಗುವುದಿಲ್ಲ.

ಪ್ರಯತ್ನವೇನು ಕಡಿಮೆಯೇ? 2009ರಲ್ಲಿ ಥಾಯ್ಲೆಂಡಿನ ಪ್ರಯೋಗ ಸುಮಾರು 31 ಶೇಕಡಾ ರಕ್ಷಣೆ ತೋರಿಸಿತು. ಅದೇ ದಾರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದದ್ದು 2020ರಲ್ಲಿ ನಿಂತುಹೋಯಿತು. ಮೊಸಾಯಿಕೊ ಎಂಬ ಮತ್ತೊಂದು 2023ರಲ್ಲಿ ನಿಂತಿತು.

ಹಾಗಾದರೆ ಕ್ಯಾನ್ಸರ್ ಸುಲಭವೇ? ಅಲ್ಲವೇ ಅಲ್ಲ. ಗಡ್ಡೆ ನಮ್ಮದೇ ಕೋಶ, ಒಬ್ಬರ ಹಾಗೆ ಇನ್ನೊಬ್ಬರದಿಲ್ಲ. ಆದರೆ ಅಳತೆಗೋಲು ಬೇರೆ. ರಷ್ಯಾದವರು ಹೇಳುತ್ತಿರುವುದೂ ಸೇರಿದಂತೆ ಈಗ ಸುದ್ದಿಯಲ್ಲಿರುವ ಹೆಚ್ಚಿನವು ರೋಗ ಬಂದವರಿಗೆ ಕೊಡುವ ಚಿಕಿತ್ಸೆ. ಮೊಡೆರ್ನಾ ಮತ್ತು ಮರ್ಕ್ ಕಂಪನಿಗಳ ಲಸಿಕೆ ಇಮ್ಯುನೋಥೆರಪಿಯ (ರೋಗನಿರೋಧಕ ಪಡೆಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಚಿಕಿತ್ಸೆ) ಜೊತೆ ಸೇರಿ ಚರ್ಮದ ಕ್ಯಾನ್ಸರ್ ಮರುಕಳಿಸುವ ಅಥವಾ ಸಾವು ತರುವ ಅಪಾಯವನ್ನು 44 ಶೇಕಡಾ ತಗ್ಗಿಸಿತು ಎಂದಾಗ ವೈದ್ಯರು ಹಿಗ್ಗಿದರು. ಆರೋಗ್ಯವಂತ ಕೋಟಿ ಜನರಿಗೆ ಚುಚ್ಚಬೇಕಾದ ಎಚ್‌ಐವಿ ಲಸಿಕೆಯಲ್ಲಿ ಥಾಯ್ಲೆಂಡಿನ ಆ 31 ಎಂಬುದು ನಪಾಸು.

ನನ್ನ ಸಿಟ್ಟು ಬೇರೆ ಕಡೆಗಿದೆ. ಉಡುಪಿಯ ಮದುವೆ ಮಂಟಪದಲ್ಲಿ ನನ್ನ ಅತ್ತೆಯೊಬ್ಬರು ಎಲೆಗೆ ಸುಣ್ಣ ಸವರುತ್ತಾ ಇದೇ ರಷ್ಯಾದ ಸುದ್ದಿ ಹೇಳುತ್ತಿದ್ದರು. ಬಾಯಲ್ಲಿ ಆಗಲೇ ಒಂದು ತುತ್ತು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವೇ ಹೇಳಿದೆ (ತೋಟದ ಧಣಿಗಳು ಬೈಯಬೇಡಿ). ಹನ್ನೆರಡರ ಮೊಮ್ಮಗಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿದಿರಾ ಅತ್ತೆ ಎಂದೆ. "ಶೀ, ಮದುವೆಯಾಗದ ಹುಡುಗಿಗೆ ಅದೆಲ್ಲ ಎಂತಕ್ಕೆ?"

ಮದುವೆಗೆ ಮೊದಲೇ, ವೈರಸ್ ಸೋಕುವ ಮೊದಲೇ ಕೊಟ್ಟರೆ ಅದರ ಫಲ ಹೆಚ್ಚು ಅತ್ತೆ. ಸೀರಮ್ ಸಂಸ್ಥೆಯ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆ 2023ರಿಂದ ನಮ್ಮ ದೇಶದಲ್ಲೇ ತಯಾರಾಗಿ ಸಿಗುತ್ತಿದೆ. ಎಚ್‌ಐವಿಗೂ ನಾವು ಕೈಕಟ್ಟಿ ಕೂರಬೇಕಿಲ್ಲ. ಲೆನಾಕಪವಿರ್ ಎಂಬುದೊಂದಿದೆ. ಅದು ಲಸಿಕೆಯಲ್ಲ, ಸೋಂಕು ತಡೆಯಲು ವರ್ಷಕ್ಕೆ ಎರಡು ಸಲ ಚುಚ್ಚುವ ಔಷಧ. 2024ರಲ್ಲಿ ದಕ್ಷಿಣ ಆಫ್ರಿಕಾ, ಉಗಾಂಡಾಗಳ ಪ್ರಯೋಗದಲ್ಲಿ ಅದನ್ನು ಪಡೆದ ಎರಡು ಸಾವಿರಕ್ಕೂ ಹೆಚ್ಚು ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ.

ರಷ್ಯಾದ ವಿಡಿಯೊ ಕುಟುಂಬದ ಗ್ರೂಪಿಗೆ ಕಳಿಸುವ ಮೊದಲು, ಮನೆಯಲ್ಲಿ ಒಂಬತ್ತರಿಂದ ಹದಿನಾಲ್ಕರ ನಡುವಿನ ಹುಡುಗಿಯಿದ್ದರೆ ಈ ವಾರವೇ ಮಕ್ಕಳ ವೈದ್ಯರ ಬಳಿ ಕೇಳಿ. ಮೂವತ್ತು ದಾಟಿದ ಅಮ್ಮಂದಿರು ಗರ್ಭಕಂಠದ ತಪಾಸಣೆಯನ್ನೂ ಜೊತೆಗೇ ಮಾಡಿಸಿಕೊಳ್ಳಿ, ಲಸಿಕೆ ಅದಕ್ಕೆ ಬದಲಿಯಲ್ಲ.