ಹಾದು ಬಂದವರ ಜೊತೆ

ಕೇಳುಗರಿಗೆ ನಮಸ್ಕಾರ.

ಪುಣೆಯ ಯೆರವಡಾದಲ್ಲಿ ಮುಕ್ತಾಂಗಣ ಎಂಬ ವ್ಯಸನಮುಕ್ತಿ ಕೇಂದ್ರವಿದೆ. ಡಾಕ್ಟರ್ ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ 1986ರಲ್ಲಿ ಆರಂಭಿಸಿದ್ದು. ಅಲ್ಲಿ ಚಿಕಿತ್ಸೆ ಪಡೆದು ಕುಡಿತ ಬಿಟ್ಟವರಲ್ಲಿ ಹಲವರು ಮುಂದೆ ಅಲ್ಲಿಯೇ ಕಾರ್ಯಕರ್ತರಾಗಿ ನಿಂತಿದ್ದಾರೆ. ಹೊಸದಾಗಿ ಬಂದವನು ಅವರೆದುರು "ನನ್ನ ಸಂಕಟ ನಿಮಗೇನು ಗೊತ್ತು" ಎನ್ನಲಾರ.

ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಗಳಲ್ಲಿಯೂ ಅದನ್ನು ಹಾದು ಬಂದವರ ಇಂಥ ಜೊತೆ ಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ವೈದ್ಯರು ರೋಗ ಗುರುತಿಸಿ ಔಷಧ ಕೊಡುತ್ತಾರೆ. ಅದು ಬೇಕೇ ಬೇಕು. ಆದರೆ ರಾತ್ರಿಯ ಮಾತ್ರೆಯಿಂದ ಬೆಳಗ್ಗೆ ಕಣ್ಣು ಬಿಡಲಾಗದಿದ್ದರೆ ಪಿಂಪ್ರಿಯ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವುದು ಹೇಗೆ? ಮೈ ದಪ್ಪವಾಯಿತೆಂದು ಔಷಧ ಬಿಡಬೇಕೆನಿಸಿದಾಗ ವೈದ್ಯರ ಹತ್ತಿರ ಅದನ್ನು ಹೇಗೆ ಹೇಳುವುದು? ಊರ ಜಾತ್ರೆಯಲ್ಲಿ ಸೋದರತ್ತೆ "ಮದುವೆ ಯಾವಾಗ" ಎಂದರೆ ಉತ್ತರವೇನು? ಇವಕ್ಕೆಲ್ಲ ಅದೇ ದಾರಿಯಲ್ಲಿ ನಡೆದವರ ಬಳಿ ಅನುಭವದ ಮಾತಿದೆ. ಅದಕ್ಕಿಂತ ಹೆಚ್ಚಾಗಿ, ಅವರು ಕಣ್ಣೆದುರು ಕುಳಿತಿರುತ್ತಾರೆ: ಕೆಲಸಕ್ಕೆ ಹೋಗುತ್ತಾ, ಸಂಸಾರ ನಡೆಸುತ್ತಾ. ಗುಣಮುಖರಾಗಬಹುದೆಂದು ನೂರು ಸಲ ಕೇಳಿದರೂ ಹುಟ್ಟದ ಧೈರ್ಯ ಅವರನ್ನು ನೋಡಿದಾಗ ಹುಟ್ಟುತ್ತದೆ.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬಹುಪಾಲು ಮಾನಸಿಕ ಕಾಯಿಲೆಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಊರು ಬಿಟ್ಟು ಬಂದ ನಮ್ಮವರ ಕಷ್ಟ ಇನ್ನೊಂದು ಬಗೆಯದು. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗಾಗಲಿ, ಉಡುಪಿಯಿಂದ ಹೋಟೆಲಿಗೆ ಬಂದ ಹುಡುಗನಿಗಾಗಲಿ ವ್ಯವಹಾರದ ಮರಾಠಿ ಬರುತ್ತದೆ. ಎದೆಯೊಳಗಿನದನ್ನು ಹೇಳಿಕೊಳ್ಳಲು ಅದು ಸಾಲದು. ಪುಣೆಯಲ್ಲಿ ಕನ್ನಡ ಸಂಘಗಳಿವೆ, ಸಭಾಂಗಣಗಳಿವೆ. ರಾಜ್ಯೋತ್ಸವ, ಯಕ್ಷಗಾನ ನಡೆಯುತ್ತವೆ, ಸಂತೋಷ. ವಾರಕ್ಕೊಂದು ಸಂಜೆ ಒಂದು ಕೋಣೆಯನ್ನು ಇಂಥ ಕಾಯಿಲೆ ಕಂಡವರು ಸೇರಿ ಮಾತಾಡಲೂ ಬಿಟ್ಟುಕೊಡಿ ಎಂದು ಪದಾಧಿಕಾರಿಗಳನ್ನು ಕೈಮುಗಿದು ಕೇಳುತ್ತೇನೆ. ಆರೈಕೆ ಮಾಡುವ ಅಮ್ಮಂದಿರು, ಹೆಂಡತಿಯರು ಬೇರೆಯಾಗಿ ಕೂಡಲಿ. ಅವರ ದಣಿವನ್ನು ಯಾರೂ ಕೇಳುವುದಿಲ್ಲ.

ಕೆಲವು ಕಟ್ಟುಪಾಡುಗಳು ಮಾತ್ರ ಸಡಿಲವಾಗಬಾರದು. ಅಲ್ಲಿ ಕೇಳಿದ ಮಾತು ಹೊರಗೆ ಹೋಗಬಾರದು. ಹೋದರೆ ಮರುವಾರ ಯಾರೂ ಬರುವುದಿಲ್ಲ. ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ಬದಲಿಸುವಂತಿಲ್ಲ, ನಿಲ್ಲಿಸಿ ಎನ್ನುವಂತಿಲ್ಲ. ಯಾರಾದರೂ ಸಾಯುವ ಮಾತಾಡಿದರೆ ಅವರನ್ನು ಒಬ್ಬರೇ ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಸಂಖ್ಯೆಯನ್ನು ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.