ನೆಲದಡಿಯ ರೈಲಿಗೆ ಗಾಳಿ ಎಲ್ಲಿಂದ ಬರುತ್ತದೆ? ಮೆಟ್ರೋ ಚರಿತ್ರೆ ಮತ್ತು ನಮ್ಮ ಫಿಟ್ಟರಣ್ಣ

(ದೃಶ್ಯ: ಲಂಡನ್ನಿನ ಹಳೆಯ ಭೂಪಟ. ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್‌ಡನ್‌ವರೆಗೆ ಕೆಂಪು ಗೆರೆ ಮೂಡುತ್ತದೆ.)

ನಮಸ್ಕಾರ, ದಾವಣಗೆರೆಯಿಂದ.

1863ರ ಜನವರಿ 10ರಂದು ಲಂಡನ್ನಿನಲ್ಲಿ ಜಗತ್ತಿನ ಮೊದಲ ನೆಲದಡಿಯ ರೈಲು ಜನರಿಗೆ ತೆರೆಯಿತು. ಮೆಟ್ರೋಪಾಲಿಟನ್ ರೈಲ್ವೆ ಅಂತ ಅದರ ಹೆಸರು. ಸುಮಾರು 6 ಕಿಲೋಮೀಟರ್ ದಾರಿ. ಮೊದಲ ದಿನವೇ 38 ಸಾವಿರದಷ್ಟು ಜನ ಹತ್ತಿದರು. ಮರದ ಬೋಗಿಗಳು, ಒಳಗೆ ಗ್ಯಾಸ್ ದೀಪ. ಎಳೆಯುತ್ತಿದ್ದದ್ದು ಉಗಿ ಎಂಜಿನ್.

ಉಗಿ ಎಂಜಿನ್ ಅಂದಮೇಲೆ ಬೆಂಕಿ ಇರಲೇಬೇಕು. ಬೆಂಕಿ ಇದ್ದಮೇಲೆ ಹೊಗೆ. ಸುತ್ತಲೂ ಇಟ್ಟಿಗೆ ಕಮಾನು. ಹಾಗಾದರೆ ಒಳಗಿದ್ದವರು ಉಸಿರಾಡಿದ್ದು ಹೇಗೆ?

ಈ ಪ್ರಶ್ನೆಯನ್ನು ನನಗೆ ಹಚ್ಚಿದವರು ನಮ್ಮ ಫಿಟ್ಟರಣ್ಣ. ಹೋದ ವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈ ವಿಡಿಯೋ ಅವರ ನೆನಪಿಗೆ.

(ದೃಶ್ಯ: ದಾವಣಗೆರೆ ರೈಲು ನಿಲ್ದಾಣ, ಬೆಳಗಿನ ಹೊತ್ತು. ಹುಬ್ಬಳ್ಳಿ ಕಡೆಯಿಂದ ರೈಲು ಬರುತ್ತಿದೆ.)

ಫಿಟ್ಟರಣ್ಣ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಹ್ಯುಮಿಡಿಫಿಕೇಶನ್ ಪ್ಲಾಂಟಿನ ಫಿಟ್ಟರ್. ಹತ್ತಿ ಮಿಲ್ಲಿನಲ್ಲಿ ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ. ಅದಕ್ಕೆ ದೊಡ್ಡ ಫ್ಯಾನುಗಳಿಂದ ಹೊರಗಿನ ಗಾಳಿ ಎಳೆದು, ನೀರಿನ ತುಂತುರಿನ ನಡುವೆ ಹಾಯಿಸಿ, ತೊಳೆದ ಗಾಳಿಯನ್ನು ಡಕ್ಟ್‌ಗಳಲ್ಲಿ ಇಡೀ ಶೆಡ್ಡಿಗೆ ಹಂಚುತ್ತಾರೆ. ಇದರ ಮೋಟಾರು, ಪಂಪು, ನಾಜಲ್ ಎಲ್ಲಾ ಅವರ ಜವಾಬ್ದಾರಿ. ಬದುಕಿಡೀ ಗಾಳಿಯ ಕೆಲಸ ಮಾಡಿದ ಮನುಷ್ಯ.

ಇನ್ನು ರೈಲು ಅಂದರೆ ಪ್ರಾಣ. ಬೆಂಗಳೂರು–ಹುಬ್ಬಳ್ಳಿ ದಾರಿ ಮೀಟರ್ ಗೇಜ್ ಆಗಿದ್ದ ಕಾಲದಿಂದ ನಿಲ್ದಾಣದ ಹತ್ತಿರ ಓಡಾಡಿ ಬೆಳೆದವರು. ಎಂಜಿನ್ನಿನ ಸದ್ದಿನಲ್ಲೇ ಅದು ಯಾವ ವರ್ಗದ್ದು ಅಂತ ಹೇಳುತ್ತಿದ್ದರು. ಮಿಲ್ಲಿನ ಹಳೆಯ ಲಾಗ್ ಬುಕ್ಕುಗಳ ಖಾಲಿ ಪುಟಗಳಲ್ಲಿ ಪೇಪರ್ ಕಟಿಂಗ್ ಅಂಟಿಸುತ್ತಿದ್ದರು. ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಕೋಲ್ಕತ್ತಾ. ಯಾವುದೇ ಊರಿನ ಸುರಂಗ ರೈಲಿನ ಸುದ್ದಿ ತೋರಿಸಿದರೂ ಅವರು ಕೇಳುತ್ತಿದ್ದದ್ದು ಒಂದೇ ಮಾತು: "ಅದೆಲ್ಲಾ ಇರ್ಲಿ ತಮ್ಮಾ, ಒಳಗ ಗಾಳಿ ಎಲ್ಲಿಂದ ಬರ್ತೈತಿ?"

ಈ ಒಂದು ಪ್ರಶ್ನೆ ಹಿಡಿದು ಹೋದರೆ ಮೆಟ್ರೋ ಚರಿತ್ರೆಯ ಬಹುಪಾಲು ಸಿಕ್ಕಿಬಿಡುತ್ತದೆ ಅಂತ ನನಗೆ ಅನ್ನಿಸುತ್ತದೆ. ಬನ್ನಿ, ಲಂಡನ್ನಿಗೆ ವಾಪಸ್ ಹೋಗೋಣ.

(ದೃಶ್ಯ: ರಸ್ತೆ ಅಗೆದು ಸುರಂಗ ಕಟ್ಟುತ್ತಿರುವ ಹಳೆಯ ರೇಖಾಚಿತ್ರ.)

ಈ ರೈಲಿಗಾಗಿ ವರ್ಷಗಟ್ಟಲೆ ಹೋರಾಡಿದವರು ಚಾರ್ಲ್ಸ್ ಪಿಯರ್ಸನ್, ಲಂಡನ್ ನಗರಾಡಳಿತದ ವಕೀಲರು. ಕೂಲಿ ಜನ ಊರ ನಡುವಿನ ಇಕ್ಕಟ್ಟಿನ ಕೇರಿಗಳಲ್ಲಿ ನರಳಬಾರದು, ಕಡಿಮೆ ದುಡ್ಡಿನ ರೈಲು ಇದ್ದರೆ ಹೊರಗೆ ಒಳ್ಳೆ ಗಾಳಿ ಇರುವ ಕಡೆ ಮನೆ ಮಾಡಿಕೊಂಡು ಕೆಲಸಕ್ಕೆ ಬರಬಹುದು ಅನ್ನೋದು ಅವರ ವಾದ. ರೈಲು ಓಡುವುದನ್ನು ನೋಡಲು ಅವರು ಇರಲಿಲ್ಲ. 1862ರ ಸೆಪ್ಟೆಂಬರಿನಲ್ಲೇ ತೀರಿಕೊಂಡರು. ಫಿಟ್ಟರಣ್ಣನ ಪುಸ್ತಕದಲ್ಲಿ ಪಿಯರ್ಸನ್ ಹೆಸರಿಗೆ ಎರಡು ಗೆರೆ ಎಳೆದಿದೆ.

ಕಟ್ಟಿದ್ದು ಎಂಜಿನಿಯರ್ ಜಾನ್ ಫೌಲರ್. ರಸ್ತೆ ಅಗೆದು, ಎರಡು ಕಡೆ ಗೋಡೆ ಎಬ್ಬಿಸಿ, ಮೇಲೆ ಇಟ್ಟಿಗೆ ಕಮಾನು ಹಾಕಿ, ಮತ್ತೆ ಮಣ್ಣು ಮುಚ್ಚುವ ವಿಧಾನ. ಹೊಗೆಯ ಬಗ್ಗೆ ಫೌಲರ್ ಮೊದಲೇ ಯೋಚಿಸಿದ್ದರು. ಕಾಯಿಸಿದ ಇಟ್ಟಿಗೆಗಳ ಶಾಖದಿಂದ ಸುರಂಗದಲ್ಲಿ ಓಡುವ ಎಂಜಿನ್ ಒಂದನ್ನು ಮಾಡಿಸಿದರು. ಅದು ಕೆಲಸ ಮಾಡಲಿಲ್ಲ. ಆಮೇಲೆ ಬಂದದ್ದು ಕಂಡೆನ್ಸಿಂಗ್ ಎಂಜಿನ್. ಸಿಲಿಂಡರಿನಿಂದ ಹೊರಬರುವ ಉಗಿಯನ್ನು ಚಿಮಣಿಗೆ ಬಿಡದೆ ನೀರಿನ ತೊಟ್ಟಿಗೆ ತಿರುಗಿಸುವ ಎಂಜಿನ್. ಉಗಿಯೇನೋ ಕಡಿಮೆಯಾಯಿತು. ಆದರೆ ಒಲೆಯ ಹೊಗೆಯನ್ನು ಏನು ಮಾಡೋದು? ಅಲ್ಲಲ್ಲಿ ಸುರಂಗದ ಮಾಡು ತೆಗೆದು ಆಕಾಶಕ್ಕೆ ಬಿಡಬೇಕಾಯಿತು.

(ದೃಶ್ಯ: ಲೆನ್‌ಸ್ಟರ್ ಗಾರ್ಡನ್ಸ್‌ನ ಮನೆಗಳ ಸಾಲು, ಮುಂಭಾಗ. ಆಮೇಲೆ ಹಿಂಭಾಗ.)

ಇಲ್ಲೊಂದು ಸೊಗಸಾದ ಸಂಗತಿ ಇದೆ. ಲಂಡನ್ನಿನ ಲೆನ್‌ಸ್ಟರ್ ಗಾರ್ಡನ್ಸ್ ಬೀದಿಯಲ್ಲಿ 23 ಮತ್ತು 24ನೇ ನಂಬರಿನ ಮನೆಗಳನ್ನು ನೋಡಿ. ಬಾಗಿಲು, ಕಿಟಕಿ, ಕಂಬ ಎಲ್ಲಾ ಅಕ್ಕಪಕ್ಕದ ಮನೆಗಳ ಹಾಗೇ ಇವೆ. ಆದರೆ ಅವು ಮನೆಗಳೇ ಅಲ್ಲ. ಬರೀ ಒಂದು ಗೋಡೆ. 1860ರ ದಶಕದಲ್ಲಿ ದಾರಿ ಮುಂದುವರಿಸುವಾಗ ಅಲ್ಲಿದ್ದ ಎರಡು ಮನೆ ಕೆಡವಿ, ಎಂಜಿನ್ ಹೊಗೆ ಬಿಡಲು ಜಾಗ ತೆರೆದಿಟ್ಟರು. ಬೀದಿಯ ಅಂದ ಕೆಡಬಾರದು ಅಂತ ಮುಂದೆ ಸುಳ್ಳು ಗೋಡೆ ಕಟ್ಟಿದರು. ಅದು ಇವತ್ತಿಗೂ ನಿಂತಿದೆ. ಇದರ ಫೋಟೋ ಮೊಬೈಲಿನಲ್ಲಿ ತೋರಿಸಿದಾಗ ಫಿಟ್ಟರಣ್ಣ ಗೋಡೆಯ ಮುಂಭಾಗ ನೋಡಲೇ ಇಲ್ಲ. ಹಿಂದಿನ ಗುಂಡಿಯ ಫೋಟೋವನ್ನೇ ದೊಡ್ಡದು ಮಾಡಿ ಮಾಡಿ ನೋಡಿದರು.

ಇಷ್ಟಾದರೂ ಒಳಗೆ ಹೊಗೆ ತಪ್ಪಲಿಲ್ಲ. 1897ರಲ್ಲಿ ಸರ್ಕಾರದ ಒಂದು ಸಮಿತಿ ವಿಚಾರಣೆ ನಡೆಸಿತು. ಗಂಧಕದ ಹೊಗೆ ಉಬ್ಬಸಕ್ಕೆ ಒಳ್ಳೆಯದು ಅಂತ ವಾದಿಸಿದವರೂ ಆ ಕಾಲದಲ್ಲಿ ಇದ್ದರು! ಇನ್ನೊಂದು ಕಡೆ, ಗೋವರ್ ಸ್ಟ್ರೀಟ್ ನಿಲ್ದಾಣದ ಹತ್ತಿರದ ಔಷಧ ಅಂಗಡಿಯವನು, ಉಸಿರು ಕಟ್ಟಿ ಮೇಲೆ ಬಂದವರಿಗೆ 'ಮೆಟ್ರೋಪಾಲಿಟನ್ ಮಿಕ್ಸ್ಚರ್' ಅಂತಲೇ ಒಂದು ಔಷಧ ಕೊಡುತ್ತಿದ್ದ. ಕೊನೆಗೆ 1905ರಲ್ಲಿ ಈ ದಾರಿಗೆ ಕರೆಂಟ್ ರೈಲು ಬಂತು.

ಕರೆಂಟ್ ರೈಲು ಅಷ್ಟು ಹೊತ್ತಿಗೆ ಹೊಸದೇನೂ ಅಲ್ಲ. 1890ರಲ್ಲೇ ಲಂಡನ್ನಿನಲ್ಲಿ ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ ಶುರುವಾಗಿತ್ತು. ರಸ್ತೆ ಅಗೆಯದೆ, ಆಳದಲ್ಲಿ ಕಬ್ಬಿಣದ ಬಳೆಗಳ ದುಂಡು ಸುರಂಗ ಕೊರೆದು, ಅದರಲ್ಲಿ ವಿದ್ಯುತ್ ಎಂಜಿನ್ ಓಡಿಸಿದರು. ಸುರಂಗದ ಅಗಲ ಬರೀ 3 ಮೀಟರ್ ಚಿಲ್ಲರೆ. ಹೊರಗೆ ನೋಡೋದಕ್ಕೆ ಏನೂ ಇಲ್ಲ ಅಂತ ಬೋಗಿಗಳಿಗೆ ಸರಿಯಾದ ಕಿಟಕಿಯನ್ನೇ ಇಡಲಿಲ್ಲ.

(ದೃಶ್ಯ: ದುಂಡು ಸುರಂಗದಲ್ಲಿ ರೈಲು. ಗಾಳಿ ಸರಿಯುವುದನ್ನು ಬಾಣದ ಗುರುತು ತೋರಿಸುತ್ತದೆ.)

ಹೊಗೆ ಇಲ್ಲ, ಸರಿ. ಗಾಳಿ? ಅದನ್ನು ರೈಲೇ ತರುತ್ತದೆ ಅಂತ ಎಂಜಿನಿಯರುಗಳು ನಂಬಿದ್ದರು. ಸುರಂಗ ಇಕ್ಕಟ್ಟು, ರೈಲು ಅದನ್ನು ಹೆಚ್ಚುಕಡಿಮೆ ತುಂಬಿಕೊಂಡೇ ಓಡುತ್ತದೆ. ಸೈಕಲ್ ಪಂಪಿನ ದಂಡದ ಹಾಗೆ ಮುಂದಿನ ಗಾಳಿಯನ್ನು ತಳ್ಳುತ್ತದೆ, ಹಿಂದಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರ್ಮ್ ಮೇಲೆ ನಿಂತಾಗ ರೈಲು ಕಾಣುವ ಮೊದಲೇ ಮುಖಕ್ಕೆ ಗಾಳಿ ಬಡಿಯುತ್ತದೆ, ಅಲ್ವಾ? ಅದೇ ಇದು. ಇದಕ್ಕೆ ಪಿಸ್ಟನ್ ಎಫೆಕ್ಟ್ ಅಂತಾರೆ. ಸ್ವಲ್ಪ ಮಟ್ಟಿಗೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಆದರೆ ಜನ ಜಾಸ್ತಿಯಾದ ಹಾಗೆ ಸಾಲದೆ ಹೋಯಿತು, ಫ್ಯಾನುಗಳು ಬಂದವು.

ಸೆಖೆಯ ಕಥೆ ಬೇರೆಯೇ. ಶುರುವಿನಲ್ಲಿ ಲಂಡನ್ನಿನ ಆಳದ ಸುರಂಗಗಳು ತಂಪಾಗಿದ್ದವು. ಸುತ್ತಲಿನ ಜೇಡಿಮಣ್ಣಿನ ತಾಪ 14 ಡಿಗ್ರಿ ಆಸುಪಾಸು. ಬೇಸಿಗೆಯಲ್ಲಿ ತಂಪಿಗೆ ಇಲ್ಲಿಗೆ ಬನ್ನಿ ಅಂತ ಜಾಹೀರಾತು ಕೂಡ ಹಾಕುತ್ತಿದ್ದರು. ಆದರೆ ಮೋಟಾರು, ಬ್ರೇಕು, ಜನರ ಮೈ, ಎಲ್ಲದರ ಬಿಸಿಯನ್ನೂ ಆ ಮಣ್ಣು ನೂರು ವರ್ಷ ಹೀರಿಕೊಂಡಿತು. ಈಗ ಮಣ್ಣೇ ಎಷ್ಟೋ ಕಡೆ 20 ಡಿಗ್ರಿ ದಾಟಿದೆ. ಬಿಸಿ ಹೋಗುವುದಕ್ಕೆ ಜಾಗವಿಲ್ಲ.

ಈಗ ಹೇಳೋದು ದುಃಖದ ಸಂಗತಿ. ಪ್ಯಾರಿಸ್ ಮೆಟ್ರೋ ಶುರುವಾದದ್ದು 1900ರಲ್ಲಿ. 1903ರ ಆಗಸ್ಟ್ 10ರ ಸಂಜೆ ಮರದ ಬೋಗಿಗಳ ಒಂದು ರೈಲಿಗೆ ಬೆಂಕಿ ಬಿತ್ತು. ಹಿಂದೆ ಬಂದ ರೈಲು ಕುರೋನ್ ನಿಲ್ದಾಣದಲ್ಲಿ ನಿಂತಿತು. ಎಲ್ಲರೂ ಹೊರಗೆ ಹೋಗಿ ಅಂದಾಗ ಕೆಲವರು ಟಿಕೆಟ್ ದುಡ್ಡು ವಾಪಸ್ ಕೊಡಿ ಅಂತ ವಾದಕ್ಕೆ ನಿಂತರು. ಅಷ್ಟರಲ್ಲಿ ಹೊಗೆ ನುಗ್ಗಿತು, ದೀಪಗಳು ಆರಿದವು. ಕತ್ತಲಲ್ಲಿ ಜನ ಬಾಗಿಲಿಲ್ಲದ ಕಡೆಗೆ ಓಡಿದರು. 84 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಹೊಗೆ. ಆಮೇಲೆ ದೀಪಗಳಿಗೆ ಬೇರೆಯದೇ ಕರೆಂಟ್ ಲೈನ್ ಬಂತು, ಹೊರದಾರಿ ತೋರಿಸುವ ಬೆಳಗುವ ಫಲಕಗಳು ಬಂದವು. ಇವತ್ತು ಮೆಟ್ರೋದಲ್ಲಿ ಆ ಹಸಿರು ಫಲಕ ನೋಡಿದಾಗ ನನಗೆ ಕುರೋನ್ ನೆನಪಾಗುತ್ತದೆ. ಆ ಸುದ್ದಿಯನ್ನು ನಾನು ಓದಿ ಹೇಳಿದ ದಿನ ಫಿಟ್ಟರಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಮಿಲ್ಲಿನ ಬ್ಲೋ ರೂಮಿನಲ್ಲಿ, ಅಂದರೆ ಹತ್ತಿ ಬಿಡಿಸಿ ಶುಚಿ ಮಾಡುವ ಕೋಣೆಯಲ್ಲಿ, ಹತ್ತಿಗೆ ಬೆಂಕಿ ಬಿದ್ದದ್ದನ್ನು ಕಣ್ಣಾರೆ ನೋಡಿದ್ದವರು ಅವರು.

(ದೃಶ್ಯ: ನ್ಯೂಯಾರ್ಕ್ ಫುಟ್‌ಪಾತಿನ ಕಬ್ಬಿಣದ ಜಾಲರಿ. ಕೆಳಗೆ ರೈಲಿನ ಬೆಳಕು.)

ನ್ಯೂಯಾರ್ಕ್ ಸಬ್‌ವೇ ಶುರುವಾದದ್ದು 1904ರ ಅಕ್ಟೋಬರ್ 27ರಂದು. 28 ನಿಲ್ದಾಣ, 5 ಸೆಂಟ್ ಟಿಕೆಟ್. ಆ 5 ಸೆಂಟ್ ದರ 1948ರವರೆಗೂ ಬದಲಾಗಲಿಲ್ಲ. ಮೊದಲ ಬೇಸಿಗೆಯಲ್ಲೇ ಸೆಖೆ, ವಾಸನೆ ಅಂತ ಜನ ಗಲಾಟೆ ಎಬ್ಬಿಸಿದರು. ಆಗ ಗಾಳಿ ಪರೀಕ್ಷೆ ಮಾಡಲು ಕರೆಸಿದ್ದು ಜಾರ್ಜ್ ಸೋಪರ್ ಅನ್ನುವ ನೈರ್ಮಲ್ಯ ಎಂಜಿನಿಯರನ್ನು. ಮುಂದೆ 1907ರಲ್ಲಿ, ಅಡುಗೆ ಕೆಲಸದ ಮೇರಿ ಮ್ಯಾಲನ್ ಮೂಲಕ ಟೈಫಾಯ್ಡ್ ಹರಡುತ್ತಿದೆ ಅಂತ ಪತ್ತೆ ಹಚ್ಚಿದ್ದು ಇದೇ ಸೋಪರ್.

ಸೋಪರ್‌ಗೆ ಸುರಂಗದ ಗಾಳಿಯಲ್ಲಿ ಸಿಕ್ಕಿದ್ದೇನು ಗೊತ್ತಾ? ಕಬ್ಬಿಣದ ಪುಡಿ. ರೈಲಿನ ಬ್ರೇಕ್ ಗಾಲಿಗೆ ಉಜ್ಜಿ ಉಜ್ಜಿ ಸವೆದು ಗಾಳಿಗೆ ಸೇರಿದ ಸಣ್ಣ ಸಣ್ಣ ಚೂರುಗಳು. ರಸ್ತೆಗೆ ಜಾಲರಿ ಹಾಕಿ ಗಾಳಿ ಬಿಡುವ ಕೆಲಸ ಆಮೇಲೆ ಜೋರಾಯಿತು. ಈ ಕಬ್ಬಿಣದ ಪುಡಿಯ ಬಗ್ಗೆ ಫಿಟ್ಟರಣ್ಣನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿಲ್ಲಿನಲ್ಲಿ ಹತ್ತಿಯ ಧೂಳು ಹಾಗೇ ಹಾರುತ್ತದೆ. ಜೊತೆಗೆ ಕೆಲಸ ಮಾಡಿದ ಎಷ್ಟೋ ಜನಕ್ಕೆ ಕೆಮ್ಮು ಹತ್ತಿದ್ದನ್ನು ಕಂಡಿದ್ದರು. "ಕಣ್ಣಿಗೆ ಕಾಣೋ ಹೊಗಿಗಿಂತ ಕಾಣದ ಧೂಳೇ ಕೆಟ್ಟದ್ದು ತಮ್ಮಾ" ಅನ್ನುತ್ತಿದ್ದರು.

ಸುರಂಗ ಕೊರೆದವರ ಮಾತೂ ಹೇಳಬೇಕು. ನದಿಯ ಕೆಳಗೆ ಕೊರೆಯುವಾಗ ನೀರು ಒಳಗೆ ನುಗ್ಗಬಾರದು ಅಂತ ಒತ್ತಡದ ಗಾಳಿ ತುಂಬಿರುತ್ತಿದ್ದರು. 1916ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಈಸ್ಟ್ ರಿವರ್ ಕೆಳಗೆ ಆ ಗಾಳಿ ಮಣ್ಣು ಸೀಳಿಕೊಂಡು ಹೊರಗೆ ಚಿಮ್ಮಿತು. ಮಾರ್ಷಲ್ ಮೇಬಿ ಅನ್ನುವ ಕೆಲಸಗಾರ ಗಾಳಿಯ ಜೊತೆಗೇ ನದಿಯ ತಳ ದಾಟಿ, ನೀರು ದಾಟಿ, ಮೇಲಕ್ಕೆ ಎಸೆಯಲ್ಪಟ್ಟು ಬದುಕಿ ಉಳಿದ. ಅವನ ಜೊತೆಗಿದ್ದ ಇಬ್ಬರು ಉಳಿಯಲಿಲ್ಲ.

(ದೃಶ್ಯ: ಕೋಲ್ಕತ್ತಾದ ಎಸ್ಪ್ಲನೇಡ್ ನಿಲ್ದಾಣ.)

ಈಗ ನಮ್ಮ ದೇಶ. ಕಲ್ಕತ್ತಾಕ್ಕೆ ನೆಲದಡಿಯ ರೈಲು ಬೇಕು ಅನ್ನುವ ಯೋಜನೆ 1921ರಷ್ಟು ಹಿಂದೆಯೇ ಇತ್ತು. ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು 1972ರ ಡಿಸೆಂಬರ್ 29ರಂದು. ಮೊದಲ ರೈಲು ಓಡಿದ್ದು 1984ರ ಅಕ್ಟೋಬರ್ 24ರಂದು, ಎಸ್ಪ್ಲನೇಡ್‌ನಿಂದ ಭವಾನಿಪುರಕ್ಕೆ, 3.4 ಕಿಲೋಮೀಟರ್. ಆಗ ಬೋಗಿಗಳಲ್ಲಿ ಎಸಿ ಇರಲಿಲ್ಲ. ಎಸಿ ರೈಲು ಬಂದದ್ದು 2010ರಲ್ಲಿ. ಅಲ್ಲಿಯವರೆಗೆ ಗಾಳಿಯನ್ನು ತೊಳೆದು, ತಂಪು ಮಾಡಿ, ಫ್ಯಾನುಗಳಿಂದ ನೆಲದಡಿಗೆ ತಳ್ಳುವುದೇ ದಾರಿ.

ತೊಳೆದ ಗಾಳಿ! ಫಿಟ್ಟರಣ್ಣ ಇದನ್ನು ಓದಿದ ಮೇಲೆ ಸುಮ್ನೆ ಕೂರಲಿಲ್ಲ. ಮಿಲ್ಲು ಮುಚ್ಚಿದಾಗ ಸಿಕ್ಕ ದುಡ್ಡಿನಲ್ಲಿ ಮನೆಯವರು ಕಾಶಿಗೆ ಹೋಗೋಣ ಅಂದರು. ಕಾಶಿಗೂ ಹೋದರು, ಅಲ್ಲಿಂದ ಕೋಲ್ಕತ್ತಾಕ್ಕೂ ಹೋದರು. ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಬರುವ ಕಿಂಡಿ ಹುಡುಕಿ ಕೆಳಗೆ ನಿಂತರಂತೆ. ಊರಿಗೆ ಬಂದ ಮೇಲೆ ಮಂಡಕ್ಕಿ ಅಂಗಡಿಯಲ್ಲಿ ಕೂತು, ಮಿರ್ಚಿ ಆರಿ ತಣ್ಣಗಾಗುವವರೆಗೂ ನಮಗೆ ಅದನ್ನೇ ವಿವರಿಸಿದರು. ಮುಖದಲ್ಲಿ ಅಂಥ ಹೆಮ್ಮೆ. ತಾವು ಮಾಡಿದ ಕೆಲಸವೇ ಅಷ್ಟು ದೊಡ್ಡ ಊರಿನಲ್ಲಿ ಸಾವಿರಾರು ಜನಕ್ಕೆ ಉಸಿರು ಕೊಡುತ್ತಿದೆ ಅಂತ.

ಬೆಂಗಳೂರಿನಲ್ಲಿ ನಮ್ಮ ಮೆಟ್ರೋ 2011ರ ಅಕ್ಟೋಬರ್ 20ರಂದು ಶುರುವಾಯಿತು. ಆಗ ಅದು ಮೇಲ್ಸೇತುವೆಯ ಮೇಲಷ್ಟೇ. ಕಬ್ಬನ್ ಪಾರ್ಕ್, ವಿಧಾನಸೌಧ, ಮೆಜೆಸ್ಟಿಕ್ ಇರುವ ಸುರಂಗದ ಭಾಗ ತೆರೆದದ್ದು 2016ರ ಏಪ್ರಿಲ್ ಕೊನೆಯಲ್ಲಿ. ದಕ್ಷಿಣ ಭಾರತಕ್ಕೇ ಮೊದಲ ನೆಲದಡಿಯ ಮೆಟ್ರೋ. ಬೆಂಗಳೂರಿನ ಅಡಿಯಲ್ಲಿ ಒಂದು ಕಡೆ ಗಟ್ಟಿ ಬಂಡೆ, ಪಕ್ಕದಲ್ಲೇ ಮೆತ್ತನೆ ಮಣ್ಣು. ಕೊರೆಯುವ ಯಂತ್ರಕ್ಕೆ ಇಂಥ ಬೆರಕೆ ನೆಲ ಬಹಳ ಕಷ್ಟ. ನಮ್ಮ ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಈ ಕಡೆಯ ಕಲ್ಲಿನ ಗಟ್ಟಿತನ ಗೊತ್ತೇ ಇದೆ.

ಆ ವರ್ಷ ನಾವಿಬ್ಬರೂ ದಾವಣಗೆರೆಯಿಂದ ಬೆಳಗಿನ ರೈಲಿಗೆ ಹೋದೆವು. ಎಲ್ಲರೂ ಸೆಲ್ಫಿ ತೆಗೆಯುತ್ತಿದ್ದರೆ ಫಿಟ್ಟರಣ್ಣ ತಲೆ ಎತ್ತಿ ಡಕ್ಟ್ ನೋಡುತ್ತಾ ನಡೆದರು. ಮೇಲೆ ಬಂದು ರಸ್ತೆ ಬದಿಯಲ್ಲಿ ಸುರಂಗದ ಗಾಳಿ ಹೋಗಿಬರುವ ವೆಂಟಿಲೇಶನ್ ಶಾಫ್ಟಿನ ಸುತ್ತ ಒಂದು ಸುತ್ತು ಹಾಕಿದರು. ಆ ಚೌಕದ ಕಟ್ಟಡಗಳನ್ನು ನಾವು ಗಮನಿಸೋದೇ ಇಲ್ಲ. ಸುರಂಗದಲ್ಲಿ ಬೆಂಕಿ ಬಿದ್ದರೆ ದೊಡ್ಡ ಫ್ಯಾನುಗಳು ಹೊಗೆಯನ್ನು ಒಂದು ಕಡೆಗೆ ತಳ್ಳುತ್ತವೆ, ಜನ ಇನ್ನೊಂದು ಕಡೆಯಿಂದ ಹೊರಗೆ ಬರುತ್ತಾರೆ. ಕುರೋನ್‌ನಲ್ಲಿ ಇಲ್ಲದಿದ್ದದ್ದು ಇದು.

(ದೃಶ್ಯ: ಸುರಂಗ ಕೊರೆಯುವ ಯಂತ್ರ ಗೋಡೆ ಒಡೆದು ಹೊರಬರುತ್ತಿದೆ.)

ಗುಲಾಬಿ ಮಾರ್ಗದಲ್ಲಿ ನಾಗವಾರದ ಕಡೆ ಸುರಂಗ ಕೊರೆದ ಎರಡು ಯಂತ್ರಗಳ ಹೆಸರು ತುಂಗಾ ಮತ್ತು ಭದ್ರಾ. ಹರಿಹರದ ನದಿಯ ಹೆಸರು ಅಂತ ಫಿಟ್ಟರಣ್ಣ ಸಿಕ್ಕವರಿಗೆಲ್ಲಾ ಹೇಳಿಕೊಂಡು ತಿರುಗಿದ್ದರು. 2024ರ ಅಕ್ಟೋಬರಿನಲ್ಲಿ ಭದ್ರಾ ಹೊರಬಂದು ಆ ಮಾರ್ಗದ ಕೊರೆಯುವ ಕೆಲಸ ಮುಗಿಯಿತು. ಆ ಕಟಿಂಗ್ ಅವರ ಲಾಗ್ ಬುಕ್ಕಿನಲ್ಲಿದೆ. ಗೋಂದು ಹಚ್ಚಿ, ಮೂಲೆಯಲ್ಲಿ ಪೆನ್ಸಿಲಿನಲ್ಲಿ "ಫ್ಯಾನ್ ಎಷ್ಟು ಹೆಚ್.ಪಿ.? ಕೇಳಬೇಕು" ಅಂತ ಬರೆದಿದ್ದಾರೆ.

ಲಾಗ್ ಬುಕ್ಕುಗಳನ್ನು ಮನೆಯವರು ನಮಗೆ ಕೊಟ್ಟಿದ್ದಾರೆ, ಒಂದೊಂದೇ ಪುಟ ಸ್ಕ್ಯಾನ್ ಮಾಡುತ್ತಿದ್ದೇವೆ. ನಿಮ್ಮಲ್ಲಿ ಯಾರಾದರೂ ಮೆಟ್ರೋ ಸುರಂಗದ ಫ್ಯಾನುಗಳ ಕೆಲಸದಲ್ಲಿದ್ದರೆ ದಯವಿಟ್ಟು ನಮ್ಮ ಜೊತೆ ಮಾತಾಡಿ. ಆ ಹೆಚ್.ಪಿ. ಲೆಕ್ಕ ನಮಗೂ ಬೇಕು. ದಾವಣಗೆರೆಯ ಮಿಲ್ಲುಗಳಲ್ಲಿ ಗಾಳಿ ತೊಳೆಯುವ ಪ್ಲಾಂಟ್ ನಡೆಸಿದವರು ಇನ್ನೂ ಊರಿನಲ್ಲಿ ಇದ್ದಾರೆ. ಮುಂದಿನ ವಿಡಿಯೋದಲ್ಲಿ ಅವರನ್ನೇ ಕ್ಯಾಮೆರಾ ಮುಂದೆ ಕೂರಿಸಿ, ಆ ಯಂತ್ರ ಹೇಗೆ ಓಡುತ್ತಿತ್ತು ಅಂತ ಮೊದಲಿನಿಂದ ಕೇಳುತ್ತೇವೆ.