ಬಿಎ ತರಗತಿಯಲ್ಲಿ ತತ್ವಶಾಸ್ತ್ರ

ಕೇಳುಗರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲೂ ಬಿಕಾಂ, ಬಿಸಿಎ, ಬಿಎಸ್‌ಸಿ ಅಂತ ಲೆಕ್ಕಾಚಾರ ನಡೆಯುತ್ತದೆ. ಅಷ್ಟರಲ್ಲಿ ಮಗಳು, "ನಾನು ಬಿಎ ಸೇರ್ತೀನಿ, ತತ್ವಶಾಸ್ತ್ರ ತಗೋತೀನಿ" ಅಂದಳು ಅಂತಿಟ್ಟುಕೊಳ್ಳಿ. ಅಪ್ಪನಿಗೆ ಗಾಬರಿ. ಅಜ್ಜನಿಗೆ ಖುಷಿ, ಮೊಮ್ಮಗಳು ಗೀತೆ, ಉಪನಿಷತ್ತು ಓದುತ್ತಾಳೆ ಅಂತ. ಆ ತರಗತಿಯಲ್ಲಿ ಏನು ನಡೆಯುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರುವುದಿಲ್ಲ.

ಅಲ್ಲಿ ನಡೆಯುವುದು ಹೆಚ್ಚಾಗಿ ವಾದ. ಅದಕ್ಕೊಂದು ಕಟ್ಟುನಿಟ್ಟಾದ ನಿಯಮವೂ ಇದೆ. ಎದುರಿನವನ ಮಾತನ್ನು ಮೊದಲು ನೀವೇ ಹೇಳಬೇಕು, ಅವನು ಕೇಳಿ "ಹೌದು, ನಾನು ಹೇಳಿದ್ದು ಇದನ್ನೇ" ಅನ್ನುವ ಹಾಗೆ. ಇದು ಪೂರ್ವಪಕ್ಷ. ನಿಮ್ಮ ಉತ್ತರ ಆಮೇಲೆ. ವಿಜಯನಗರದ ಕಾಲದಲ್ಲಿ, 14ನೇ ಶತಮಾನದಲ್ಲಿ, ಮಾಧವ ಅನ್ನುವ ಪಂಡಿತರು ಸರ್ವದರ್ಶನಸಂಗ್ರಹ ಬರೆದರು. ಅವರು ಅದ್ವೈತಿ. ಆದರೆ ಪುಸ್ತಕ ಶುರುವಾಗುವುದು ದೇವರನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕರಿಂದ! ಚಾರ್ವಾಕರ ವಾದ ಇವತ್ತು ನಮಗೆ ಸಿಗುವುದೇ ಹೆಚ್ಚಾಗಿ ಅವರ ವಿರೋಧಿಗಳ ಪುಸ್ತಕಗಳಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ತರ್ಕಶಾಸ್ತ್ರದ ಹಳೆಯ ಪಾಠ ಇದು. ದೂರದ ಬೆಟ್ಟದಲ್ಲಿ ಹೊಗೆ ಕಾಣುತ್ತದೆ. ಅಲ್ಲಿ ಬೆಂಕಿ ಇದೆ ಅಂತೀರಿ. ಯಾಕೆ? ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿದ್ದೇವಲ್ಲ. ಸರಿ. ಹಾಗಾದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುತ್ತದಾ? ಹತ್ತರಲ್ಲಿ ಎಂಟು ಮಕ್ಕಳು ಹೂಂ ಅಂತಾರೆ. ಆಗ ನೈಯಾಯಿಕರು, ಅಂದರೆ ನ್ಯಾಯದರ್ಶನದ ತರ್ಕಪಂಡಿತರು, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ಮುಂದಿಡುತ್ತಾರೆ. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಹೇಳದೆ ಉಳಿದ ಆ ಷರತ್ತಿಗೆ ಅವರು ಉಪಾಧಿ ಅಂದರು. ಟಿವಿ ಚರ್ಚೆಯಲ್ಲೋ ಚುನಾವಣಾ ಭಾಷಣದಲ್ಲೋ ಹಸಿ ಸೌದೆಯನ್ನು ಎಲ್ಲಿ ಮುಚ್ಚಿಟ್ಟಿದ್ದಾರೆ ಅಂತ ಹುಡುಕಿ ನೋಡಿ, ಒಳ್ಳೆ ಮಜಾ ಇರುತ್ತದೆ.

ಚಾರ್ವಾಕ ಇಷ್ಟಕ್ಕೆ ಬಿಡುವುದಿಲ್ಲ. "ನೀನು ನೋಡಿದ್ದು ನಾಲ್ಕು ಒಲೆ. ಎಲ್ಲ ಕಾಲದ ಎಲ್ಲ ಹೊಗೆಯ ಬಗ್ಗೆ ಹೇಗೆ ಹೇಳ್ತೀಯ?" ಅಂತಾನೆ. 18ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಿಥಿಲೆಯ ನೈಯಾಯಿಕ ಗಂಗೇಶ ಹ್ಯೂಮ್‌ಗಿಂತ ಎಷ್ಟೋ ಮೊದಲೇ ಇದಕ್ಕೆ ಉತ್ತರ ಕೊಟ್ಟಿದ್ದ: ಅಷ್ಟು ಅನುಮಾನ ಇದ್ದರೆ, ಹೊಗೆ ಬೇಕಾದಾಗ ನೀನು ಬೆಂಕಿಯನ್ನೇ ಯಾಕೆ ಹಚ್ಚುತ್ತೀಯ, ಹಸಿವಾದಾಗ ಊಟವನ್ನೇ ಯಾಕೆ ಮಾಡುತ್ತೀಯ? ಈ ಉತ್ತರ ಸಾಕಾ, ಸಾಲದಾ? ನನಗೆ ಕೇಳಿದರೆ ಸಾಲದು. ಅದು ಚಾರ್ವಾಕನ ನಡವಳಿಕೆಯನ್ನು ಹಿಡಿಯುತ್ತದೆಯೇ ಹೊರತು ಅವನ ಪ್ರಶ್ನೆಯನ್ನಲ್ಲ. ಒಪ್ಪದವರು ಬೇಕಾದಷ್ಟು ಮಂದಿ ಇದ್ದಾರೆ.

ಈ ಓದಿಗೆ ನಮ್ಮ ಮೈಸೂರು ಹೆಸರಾದ ಊರು. ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. 1918ರಲ್ಲಿ ರಾಧಾಕೃಷ್ಣನ್ ಮಹಾರಾಜಾ ಕಾಲೇಜಿಗೆ ಬಂದರು. 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ಸ್ಟೇಷನ್ನಿನವರೆಗೆ ಎಳೆದರಂತೆ. ಎಂ. ಹಿರಿಯಣ್ಣನವರು ಅಲ್ಲಿ ವರ್ಷಗಟ್ಟಲೆ ಮಾಡಿದ ಪಾಠಗಳು 1932ರಲ್ಲಿ ಭಾರತೀಯ ದರ್ಶನಗಳ ಮೇಲಿನ ಇಂಗ್ಲಿಷ್ ಪುಸ್ತಕವಾಗಿ ಬಂದವು. ಅದನ್ನು ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ಎಸ್.ಎಲ್. ಭೈರಪ್ಪನವರು ಮೈಸೂರಿನಲ್ಲೇ ತತ್ವಶಾಸ್ತ್ರದ ಎಂಎ ಮಾಡಿ, ಬರೋಡಾದಲ್ಲಿ ಪಿಎಚ್‌ಡಿ ಪಡೆದವರು. ಅವರ ಕಾದಂಬರಿಯ ಪಾತ್ರಗಳು ಪುಟಗಟ್ಟಲೆ ವಾದಕ್ಕೆ ಕೂರುವುದು ಸುಮ್ನೆ ಅಲ್ಲ.

ಈಗ ಅಪ್ಪನ ಗಾಬರಿಗೆ ಬರೋಣ. ಕೆಲಸ ಎಲ್ಲಿ? ಈ ಡಿಗ್ರಿಯನ್ನೇ ಕೇಳುವ ಹುದ್ದೆಗಳು ಕಡಿಮೆ, ಇದನ್ನು ಮುಚ್ಚಿಡಬಾರದು. ಪಾಠ ಮಾಡಬೇಕಾದರೆ ಎಂಎ ಬೇಕು, ಕಾಲೇಜಿಗೆ ನೆಟ್ ಪರೀಕ್ಷೆ ಅಥವಾ ಪಿಎಚ್‌ಡಿಯಂಥ ಅರ್ಹತೆಯೂ ಬೇಕು. ಅಷ್ಟಾದರೂ ಕಾಯಬೇಕಾಗುತ್ತದೆ. ಯಾವ ಡಿಗ್ರಿ ಆದರೂ ಸರಿ ಅನ್ನುವ ಕಡೆ ಮಾತ್ರ ಬಾಗಿಲು ತೆರೆದೇ ಇದೆ. ಮೂರು ವರ್ಷದ ಕಾನೂನು ಪದವಿ ಮಾಡಬಹುದು, ಪತ್ರಿಕೆಗೆ ಹೋಗಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ತತ್ವಶಾಸ್ತ್ರ ಐಚ್ಛಿಕ ವಿಷಯ, ಎರಡು ಪತ್ರಿಕೆ, ಒಟ್ಟು 500 ಅಂಕ. 2013ರಿಂದ ನೀತಿಶಾಸ್ತ್ರದ 250 ಅಂಕಗಳ ಪತ್ರಿಕೆ ಎಲ್ಲರಿಗೂ ಕಡ್ಡಾಯ. ಪರೀಕ್ಷೆಗಾಗಿಯೇ ಈ ವಿಷಯ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಹಾಗೆ ಬಂದವರಿಗೆ ಎರಡನೇ ಸೆಮಿಸ್ಟರಿನಲ್ಲೇ ಬೇಜಾರು ಶುರುವಾಗುತ್ತದೆ.

ಸೇರುವ ಮೊದಲು ಕಾಲೇಜಿಗೆ ಹೋಗಿ ಎರಡು ವಿಷಯ ವಿಚಾರಿಸಿ. ಆ ವಿಷಯಕ್ಕೆ ಕಾಯಂ ಅಧ್ಯಾಪಕರು ಇದ್ದಾರಾ? ತರಗತಿಯಲ್ಲಿ ಮೂಲ ಪಠ್ಯ ಓದಿಸುತ್ತಾರಾ, ಬರೀ ನೋಟ್ಸ್ ಬರೆಸುತ್ತಾರಾ? ಆಗುವುದಾದರೆ ಒಂದು ದಿನ ಕೊನೆ ಬೆಂಚಿನಲ್ಲಿ ಕೂತು ಪಾಠ ಕೇಳಿ. ಒಂದು ಗಂಟೆಯಲ್ಲಿ ಯಾವ ವಿದ್ಯಾರ್ಥಿಯೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಅಂದರೆ, ಬೇರೆ ಕಾಲೇಜು ನೋಡಿ.

ನಮಸ್ಕಾರ.